ಕೆಲಸದ ಪರಾಮರ್ಶೆ ಮತ್ತು ಸಂಬಳದ ಮಾತು: ಚಳ್ಳಕೆರೆ–ಮೊಳಕಾಲ್ಮುರು ಉದ್ದಿಮೆಗಳಿಗೆ ಒಂದು ವಿವೇಚನೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಸರಕಿನ ದರ, ಸಾಗಣೆಯ ಬಾಡಿಗೆ, ಬ್ಯಾಂಕಿನ ಬಡ್ಡಿ ಇವುಗಳ ಬಗ್ಗೆ ಗಂಟೆಗಟ್ಟಲೆ ನಿಪುಣತೆಯಿಂದ ಮಾತನಾಡುವ ಉದ್ಯಮಿಯು, ತನ್ನಲ್ಲಿ ಹತ್ತು ವರ್ಷದಿಂದ ದುಡಿಯುತ್ತಿರುವ ನೌಕರನೊಡನೆ ಸಂಬಳದ ಮಾತು ಬಂದಾಗ ಮಾತ್ರ ತಡವರಿಸುತ್ತಾನೆ. ನೌಕರನೂ ಅಷ್ಟೆ. ವರ್ಷವಿಡೀ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಹಬ್ಬದ ಮುನ್ನಾದಿನ ತಲೆ ಕೆರೆದುಕೊಳ್ಳುತ್ತಾ ಅರ್ಧ ಹೇಳಿ, ಉಳಿದರ್ಧವನ್ನು ಸಂಜೆ ಚಹಾದಂಗಡಿಯಲ್ಲಿ ಹೇಳುತ್ತಾನೆ. ಈ ಅರೆಬರೆ ಮಾತಿನಿಂದ ಆಗುವ ನಷ್ಟ ಯಾವ ಕಿರ್ದಿ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಅನುಭವಸ್ಥನೊಬ್ಬ ಕೆಲಸ ಬಿಟ್ಟು ಹೋದ ದಿನ ಮಾತ್ರ ಅದರ ಅರಿವಾಗುತ್ತದೆ.

ದೊಡ್ಡ ಸಂಸ್ಥೆಗಳಲ್ಲಿ ವರ್ಷಕ್ಕೊಮ್ಮೆ ನೌಕರರ ಕಾರ್ಯಸಾಧನೆಯನ್ನು ಪರಾಮರ್ಶಿಸಿ, ಅದರ ಆಧಾರದ ಮೇಲೆ ವೇತನ ಪರಿಷ್ಕರಿಸುವ ಪದ್ಧತಿ ಇದೆ. ಹತ್ತು–ಇಪ್ಪತ್ತು ಮಂದಿಯ ಎಣ್ಣೆ ಗಿರಣಿಗೆ, ದಲಾಲಿ ಮಂಡಿಗೆ ಅಥವಾ ಸೀರೆ ವ್ಯಾಪಾರಕ್ಕೆ ಅಂಥದ್ದೇನೂ ಬೇಕಿಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಪರಾಮರ್ಶೆ ಇಲ್ಲಿಯೂ ನಡೆಯುತ್ತದೆ. ಅದಕ್ಕೊಂದು ಹೆಸರಿಲ್ಲ, ದಿನವಿಲ್ಲ, ಕ್ರಮವಿಲ್ಲ ಅಷ್ಟೆ. ಆ ಕ್ರಮವನ್ನು ಹೇಗೆ ತರಬಹುದು, ಸಂಬಳದ ಮಾತನ್ನು ಯಾವಾಗ, ಹೇಗೆ ಆಡಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಎರಡು ಊರು, ಎರಡು ಪದ್ಧತಿ

ಚಳ್ಳಕೆರೆಯು ಶೇಂಗಾ ಎಣ್ಣೆಯಿಂದ ಹೆಸರಾದ ಊರು. ಖಾದ್ಯ ತೈಲದ ವಹಿವಾಟಿನಲ್ಲಿ ಮುಂಬಯಿಯ ನಂತರದ ಸ್ಥಾನ ತನ್ನದೆಂಬ ಹೆಮ್ಮೆಯಿಂದ ‘ಎರಡನೇ ಮುಂಬಯಿ’ ಎಂದು ಕರೆಸಿಕೊಂಡ ಪಟ್ಟಣ. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ನಂತರ ಶೇಂಗಾ ಎಣ್ಣೆಯ ಗಿರಣಿಗಳು ದೇಶದೆಲ್ಲೆಡೆ ಒತ್ತಡಕ್ಕೆ ಸಿಲುಕಿದವು. ಚಳ್ಳಕೆರೆ ಇದಕ್ಕೆ ಹೊರತಾಗಲಿಲ್ಲ. ಮಳೆ ಕಡಿಮೆ ಬೀಳುವ ಈ ತಾಲ್ಲೂಕಿನಲ್ಲಿ ಬೆಳೆ ಕೈಕೊಟ್ಟ ವರ್ಷ ಗಿರಣಿ ಓಡುವ ದಿನಗಳೂ ಕಡಿಮೆ. ಹೀಗಾಗಿ ಇಲ್ಲಿ ಸಂಬಳದ ಮಾತು ಮಳೆ, ಆವಕ, ಎಣ್ಣೆಯ ದರ ಇವುಗಳ ನೆರಳಿನಲ್ಲಿಯೇ ನಡೆಯುತ್ತ ಬಂದಿದೆ. ಗುಮಾಸ್ತ, ಯಂತ್ರ ನಡೆಸುವವ, ಕಾವಲುಗಾರ ಇವರಿಗೆ ತಿಂಗಳ ಸಂಬಳ; ಹಮಾಲರಿಗೆ ಚೀಲದ ಲೆಕ್ಕದ ಕೂಲಿ; ಆಯುಧಪೂಜೆ ಅಥವಾ ದೀಪಾವಳಿಗೆ ಬಟ್ಟೆ, ಸಿಹಿ, ಒಂದಿಷ್ಟು ಹಣ. ಹೆಚ್ಚಳ ಎಷ್ಟು, ಏಕೆ ಎಂಬುದನ್ನು ಯಜಮಾನರು ಹೇಳುವುದಿಲ್ಲ, ನೌಕರರು ಕೇಳುವುದಿಲ್ಲ.

ಮೊಳಕಾಲ್ಮುರಿನ ರೀತಿ ಬೇರೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ರೇಷ್ಮೆ ಸೀರೆಯ ಕೆಲಸದಲ್ಲಿ ಕೂಲಿಯನ್ನು ಸೀರೆಯ ಲೆಕ್ಕದಲ್ಲಿ ಕೊಡುವುದು ರೂಢಿ. ಮಾಲೀಕ ನೇಕಾರರು ಹುರಿಮಾಡಿದ ರೇಷ್ಮೆ, ಜರಿ ಕೊಡುತ್ತಾರೆ. ನೇಕಾರನು ನೇಯ್ದು ತಂದ ಸೀರೆಯನ್ನು ಬಿಡಿಸಿ ನೋಡಿ, ಅಂಚು, ಸೆರಗು, ಎಳೆಗಳನ್ನು ಪರಿಶೀಲಿಸಿ, ದೋಷ ಕಂಡರೆ ಕೂಲಿಯಲ್ಲಿ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಎಂದರೆ, ಪ್ರತಿಯೊಂದು ಸೀರೆಯೂ ಒಂದು ಪರಾಮರ್ಶೆ. ಸಂಬಳದ ಮಾತು ಅದೇ ಕ್ಷಣದಲ್ಲಿ, ಅದೇ ಚಾಪೆಯ ಮೇಲೆ ಮುಗಿಯುತ್ತದೆ.

ಚಳ್ಳಕೆರೆಯಲ್ಲಿ ಸಂಬಳದ ಮಾತು ಕೆಲಸದ ಮಾತಿನಿಂದ ಪೂರ್ತಿ ಬೇರೆಯಾಗಿ ನಿಂತಿದೆ. ಮೊಳಕಾಲ್ಮುರಿನಲ್ಲಿ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಎರಡರಲ್ಲಿಯೂ ತೊಂದರೆ ಇದೆ. ಮೊದಲನೆಯದರಲ್ಲಿ, ಚೆನ್ನಾಗಿ ದುಡಿದರೂ ದುಡಿಯದಿದ್ದರೂ ಫಲ ಒಂದೇ ಎಂಬ ಉದಾಸೀನ ಬೆಳೆಯುತ್ತದೆ. ಎರಡನೆಯದರಲ್ಲಿ, ದೋಷವನ್ನು ತೋರಿಸಿಕೊಂಡರೆ ಕೂಲಿ ಕಡಿತವಾಗುವುದೆಂಬ ಭಯದಿಂದ ನೇಕಾರನು ಅದನ್ನು ಮುಚ್ಚಿಡಲು ನೋಡುತ್ತಾನೆ. ಹೊಸ ಕಸೂತಿಯ, ಕಷ್ಟದ ವಿನ್ಯಾಸಕ್ಕೆ ಕೈಹಾಕಲು ಹಿಂಜರಿಯುತ್ತಾನೆ. ಕಲಿಯುವ ಮಾತಿಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ.

ಒಂದೇ ಬಾರಿಗೆ ಎರಡು ಮಾತು ಸಲ್ಲದು

ಈ ತೊಡಕು ಈ ಸೀಮೆಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಮೇಯರ್, ಕೇ ಮತ್ತು ಫ್ರೆಂಚ್ ಎಂಬ ಮೂವರು ನಡೆಸಿದ ಅಧ್ಯಯನವು 1965ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರ್ಷಿಕ ಪರಾಮರ್ಶೆಯ ಕೂಟದಲ್ಲಿ ಕುಂದುಗಳನ್ನು ಎತ್ತಿ ಹೇಳಿದಷ್ಟೂ ನೌಕರರು ಸಮರ್ಥನೆಗೆ ಇಳಿಯುತ್ತಾರೆ, ಆ ವಿಷಯಗಳಲ್ಲಿ ಸುಧಾರಣೆಯೂ ಕಡಿಮೆಯಾಗುತ್ತದೆ ಎಂದು ಅವರು ಕಂಡುಕೊಂಡರು. ಹೊಗಳಿಕೆಯಿಂದಲೂ ವಿಶೇಷ ಪರಿಣಾಮ ಕಾಣಲಿಲ್ಲ. ಸುಧಾರಣೆ ಕಂಡದ್ದು ಇಂಥ ಕೆಲಸವನ್ನು ಇಂಥ ಅವಧಿಯೊಳಗೆ ಹೀಗೆ ಮಾಡಬೇಕೆಂಬ ಸ್ಪಷ್ಟ ಗುರಿಯನ್ನು ಇಬ್ಬರೂ ಕೂಡಿ ನಿಶ್ಚಯಿಸಿದಾಗ. ತಿದ್ದುವ ಮಾತು ವರ್ಷಕ್ಕೊಮ್ಮೆ ಆಡುವಂಥದಲ್ಲ, ದಿನನಿತ್ಯದ್ದಾಗಬೇಕು. ಕೆಲಸ ಸುಧಾರಿಸಲೆಂದು ನಡೆಸುವ ಮಾತುಕತೆಯಲ್ಲಿ ಸಂಬಳ, ಬಡ್ತಿಗಳ ತೀರ್ಮಾನ ಸೇರಬಾರದು ಎಂಬುದು ಅವರ ನಿಷ್ಕರ್ಷೆ.

ಕಾರಣ ಸರಳ. ಸಂಬಳದ ಅಂಕಿ ಎದುರಿಗಿದ್ದಾಗ ಕೇಳುವವನ ಮನಸ್ಸು ಬೇರಾವ ಮಾತಿಗೂ ತೆರೆಯುವುದಿಲ್ಲ. ಯಂತ್ರಕ್ಕೆ ಸಕಾಲದಲ್ಲಿ ಎಣ್ಣೆ ಹಾಕಲಿಲ್ಲ ಎಂದು ಯಜಮಾನರು ಹೇಳಿದರೆ, ಹೆಚ್ಚಳವನ್ನು ಕಡಿಮೆ ಮಾಡಲು ಇದೊಂದು ನೆಪ ಎಂದೇ ನೌಕರನಿಗೆ ಕೇಳಿಸುತ್ತದೆ. ನೌಕರನು ತನಗೆ ಒಂದು ಕೆಲಸ ಬರುವುದಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರೆ ಅದೇ ತನಗೆ ಮುಳುವಾಗಬಹುದೆಂದು ಹೆದರುತ್ತಾನೆ.

ಆದರೆ ಬೇರೆ ಮಾಡುವುದೆಂದರೆ ಸಂಬಳದ ಮಾತನ್ನು ಮುಂದೂಡಿ ಮರೆಯುವುದಲ್ಲ. ಮೊದಲ ಮಾತುಕತೆಯಲ್ಲಿಯೇ ಎರಡನೆಯದರ ದಿನಾಂಕವನ್ನು ಹೇಳಬೇಕು. ‘ಇವತ್ತು ಕೆಲಸದ ಮಾತಷ್ಟೇ; ಸಂಬಳದ ವಿಚಾರ ಮುಂದಿನ ತಿಂಗಳು ಹತ್ತನೇ ತಾರೀಖು ಕೂತು ಮಾತಾಡೋಣ’ ಎಂಬ ಒಂದು ವಾಕ್ಯ ಸಾಕು. ದಿನಾಂಕ ಹೇಳದಿದ್ದರೆ ಈ ಬೇರ್ಪಡಿಕೆ ಜಾರಿಕೊಳ್ಳುವ ಉಪಾಯದಂತೆ ಕಾಣುತ್ತದೆ. ಹೇಳಿದ ದಿನ ತಪ್ಪಿದರಂತೂ ಮುಂದಿನ ವರ್ಷದ ಮಾತಿಗೆ ಬೆಲೆ ಇರುವುದಿಲ್ಲ.

ಚಳ್ಳಕೆರೆಯ ಗಿರಣಿಗಳಿಗೆ ಕಾಲ ನಿಗದಿಪಡಿಸುವುದು ಕಷ್ಟವಲ್ಲ. ಮುಂಗಾರು ಶೇಂಗಾ ಕಿತ್ತು ಮಾರುಕಟ್ಟೆಗೆ ಬರುವ ಹಂಗಾಮು ಮುಗಿದು, ಕೆಲಸದ ನೆನಪು ಹಸಿಯಾಗಿರುವ ಫೆಬ್ರವರಿ–ಮಾರ್ಚ್ ತಿಂಗಳು ಕೆಲಸದ ಪರಾಮರ್ಶೆಗೆ ಯೋಗ್ಯ. ಮಾರ್ಚ್ ಕೊನೆಗೆ ಲೆಕ್ಕ ಮುಗಿದು ವರ್ಷದ ಲಾಭ–ನಷ್ಟ ಗೊತ್ತಾದ ನಂತರ, ಏಪ್ರಿಲ್‌ನಲ್ಲಿ ಸಂಬಳದ ಮಾತು ಆಡಬಹುದು. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಯಾಗುವುದೂ ಸಾಮಾನ್ಯವಾಗಿ ಏಪ್ರಿಲ್ 1ರಿಂದಲೇ ಆದುದರಿಂದ ಎರಡು ಬಾರಿ ಲೆಕ್ಕ ಮಾಡುವ ತೊಡಕೂ ತಪ್ಪುತ್ತದೆ.

ಕಾನೂನಿನ ಪಾಲು, ಯಜಮಾನರ ಪಾಲು

ಸಂಬಳದ ಮಾತಿಗೆ ಕೂರುವ ಮುನ್ನ, ಕೊಡುವ ಹಣದಲ್ಲಿ ಕಾನೂನು ವಿಧಿಸಿದ್ದೆಷ್ಟು, ಯಜಮಾನರು ಮೆಚ್ಚಿ ಕೊಡುತ್ತಿರುವುದೆಷ್ಟು ಎಂಬುದನ್ನು ವಿಂಗಡಿಸಿಕೊಳ್ಳಬೇಕು. ಇವೆರಡನ್ನು ಬೆರೆಸುವುದೇ ಹಲವು ಮನಸ್ತಾಪಗಳ ಮೂಲ.

1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ವೇತನ ಕಾಯಿದೆ, 1965ರ ಬೋನಸ್ ಪಾವತಿ ಕಾಯಿದೆ, 1976ರ ಸಮಾನ ವೇತನ ಕಾಯಿದೆ ಈ ನಾಲ್ಕನ್ನೂ ಒಂದುಗೂಡಿಸಿದ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಕನಿಷ್ಠ ವೇತನವು ಎಲ್ಲ ಬಗೆಯ ಉದ್ಯೋಗಗಳಿಗೂ ಅನ್ವಯಿಸುತ್ತದೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೆಯ ದಿನದೊಳಗೆ ಬಟವಾಡೆ ಮಾಡಬೇಕು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು–ಗಂಡೆಂಬ ಭೇದದಿಂದ ಬೇರೆ ವೇತನ ಕೊಡುವಂತಿಲ್ಲ. ಶೇಂಗಾ ಆರಿಸುವ, ಚೀಲ ಹೊಲಿಯುವ ಕೆಲಸಗಳಲ್ಲಿ ಹೆಂಗಸರೇ ಹೆಚ್ಚಾಗಿರುವ ಕಡೆ ಇದನ್ನು ಗಮನಿಸುವುದು ಅಗತ್ಯ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ, ನಿಗದಿತ ವೇತನಮಿತಿಯೊಳಗಿದ್ದು ವರ್ಷದಲ್ಲಿ ಕನಿಷ್ಠ 30 ದಿನ ದುಡಿದವರಿಗೆ ಶೇ. 8.33ಕ್ಕೆ ಕಡಿಮೆಯಿಲ್ಲದಂತೆ, ಶೇ. 20ನ್ನು ಮೀರದಂತೆ ಬೋನಸ್ ಸಲ್ಲಬೇಕು.

ಹೀಗಿರುವಾಗ ಶಾಸನಬದ್ಧ ಬೋನಸ್ಸನ್ನು ದೀಪಾವಳಿಯ ದಿನ ಕೈಗಿಟ್ಟು, ‘ನಿನ್ನ ಕೆಲಸ ಮೆಚ್ಚಿ ಕೊಟ್ಟದ್ದು’ ಎಂದು ಹೇಳುವುದು ಸರಿಯಲ್ಲ. ಹಕ್ಕಿನಿಂದ ಬರುವುದನ್ನು ಬಹುಮಾನವೆಂದು ಕರೆದರೆ, ನಿಜವಾದ ಬಹುಮಾನ ಕೊಟ್ಟ ದಿನವೂ ನೌಕರನು ಅದನ್ನು ನಂಬುವುದಿಲ್ಲ. ತುಟ್ಟಿಭತ್ಯೆಯ ಹೆಚ್ಚಳದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ‘ಇಷ್ಟು ಸರ್ಕಾರದ ಆದೇಶದಿಂದ ಬಂದದ್ದು, ಇಷ್ಟು ನಿಮ್ಮ ಕೆಲಸಕ್ಕಾಗಿ ನಾವು ಕೊಡುತ್ತಿರುವುದು’ ಎಂದು ಎರಡು ಸಾಲಿನಲ್ಲಿ ಬೇರೆ ಬೇರೆಯಾಗಿ ಬರೆದು ತೋರಿಸುವುದು ಉತ್ತಮ. ಕೆಲಸಕ್ಕಾಗಿ ಕೊಡುವ ಸಾಲಿನಲ್ಲಿ ಸೊನ್ನೆ ಇದ್ದರೆ ಅದು ಸೊನ್ನೆಯೆಂದೇ ಇಬ್ಬರಿಗೂ ತಿಳಿಯಲಿ.

ಮನೆಯ ಮಗ್ಗದಲ್ಲಿ ನೇಯುವವರು, ಚೀಲದ ಲೆಕ್ಕದಲ್ಲಿ ದುಡಿಯುವವರು ಮೊದಲಾದವರಿಗೆ ಯಾವ ನಿಯಮ ಹೇಗೆ ಅನ್ವಯಿಸುತ್ತದೆ ಎಂಬುದು ಕೆಲಸದ ಒಪ್ಪಂದದ ಸ್ವರೂಪವನ್ನು ಅವಲಂಬಿಸಿರುತ್ತದೆ. ಅದನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅಥವಾ ಲೆಕ್ಕಪರಿಶೋಧಕರಲ್ಲಿ ಮೊದಲೇ ವಿಚಾರಿಸಿಕೊಂಡಿರುವುದು ಕ್ಷೇಮ.

ಲೆಕ್ಕ ಮೊದಲು, ಮಾತು ಆಮೇಲೆ

ಲೆಕ್ಕವಿಲ್ಲದೆ ಕುಳಿತ ಮಾತುಕತೆ ಭಾವನೆಗಳ ಕಡೆಗೆ ಹರಿಯುತ್ತದೆ. ಕನಿಷ್ಠ ಮೂರು ಲೆಕ್ಕಗಳು ಯಜಮಾನರ ಕೈಯಲ್ಲಿರಬೇಕು.

ಮೊದಲನೆಯದು, ಬೆಲೆ ಏರಿಕೆಯ ಲೆಕ್ಕ. ಎಕ್ಸ್‌ಪೆಲ್ಲರ್ ನಡೆಸುವ ಅನುಭವಸ್ಥನೊಬ್ಬನ ಸಂಬಳ ತಿಂಗಳಿಗೆ ರೂ. 18,000 ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ ಬೆಲೆಗಳು ಶೇ. 5ರಷ್ಟು ಏರಿದ್ದರೆ, ಹಿಂದಿನ ವರ್ಷದ ಜೀವನವನ್ನೇ ನಡೆಸಲು ಅವನಿಗೆ ರೂ. 18,900 ಬೇಕು. ಯಜಮಾನರು ರೂ. 600 ಹೆಚ್ಚಿಸಿದರೆ ಅದು ಶೇ. 3.33. ಕೊಟ್ಟವರು ಹೆಚ್ಚಿಸಿದೆನೆಂದುಕೊಳ್ಳುತ್ತಾರೆ, ಪಡೆದವನ ಮನೆಯಲ್ಲಿ ತಿಂಗಳಿಗೆ ರೂ. 300 ಕಡಿಮೆಯಾಗಿರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ; ಇಬ್ಬರ ಲೆಕ್ಕ ಬೇರೆ.

ಎರಡನೆಯದು, ಹೆಚ್ಚಳದ ಪೂರ್ತಿ ವೆಚ್ಚ. ಇದೇ ನೌಕರನಿಗೆ ರೂ. 1,000 ಹೆಚ್ಚಿಸಿದರೆ ಸಂಸ್ಥೆಗೆ ಬೀಳುವ ಹೊರೆ ಸಾವಿರವಷ್ಟೇ ಅಲ್ಲ. ಪೂರ್ಣ ವೇತನದ ಮೇಲೆ ಭವಿಷ್ಯ ನಿಧಿ ಕಟ್ಟುವ ಸಂಸ್ಥೆಯಾದರೆ ಶೇ. 12ರಂತೆ ರೂ. 120, ಕಾರ್ಮಿಕ ರಾಜ್ಯ ವಿಮೆಗೆ ಮಾಲೀಕರ ಪಾಲು ಶೇ. 3.25ರಂತೆ ರೂ. 32.50, ಉಪದಾನದ ಬಾಬ್ತು ವರ್ಷಕ್ಕೆ ಹದಿನೈದು ದಿನದ ವೇತನದಂತೆ ತಿಂಗಳಿಗೆ ಸುಮಾರು ರೂ. 48. ಒಟ್ಟು ಸುಮಾರು ರೂ. 1,200. ಉಪದಾನವನ್ನು ಕೊನೆಯ ವೇತನದ ಮೇಲೆ ಲೆಕ್ಕ ಹಾಕುವುದರಿಂದ, ಹತ್ತು ವರ್ಷ ಸೇವೆ ಸಲ್ಲಿಸಿದವನಿಗೆ ರೂ. 1,000 ಹೆಚ್ಚಿಸಿದ ದಿನವೇ ಹಿಂದಿನ ವರ್ಷಗಳ ಬಾಬ್ತು ಸುಮಾರು ರೂ. 5,770ರಷ್ಟು ಹೊಣೆ ಹೆಚ್ಚುತ್ತದೆ. ಇದನ್ನು ನೌಕರನಿಗೆ ವಿವರಿಸಿ ಹೇಳುವುದರಲ್ಲಿ ತಪ್ಪೇನಿಲ್ಲ. ಕೈಗೆ ಬರುವ ಹಣದ ಹಿಂದೆ ತನ್ನ ಮುಪ್ಪಿಗಾಗಿ, ಕಾಯಿಲೆಗಾಗಿ ಇಷ್ಟು ಜಮೆಯಾಗುತ್ತಿದೆ ಎಂಬುದು ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ.

ಮೂರನೆಯದು, ಆ ನೌಕರ ಬಿಟ್ಟು ಹೋದರೆ ಆಗುವ ನಷ್ಟದ ಲೆಕ್ಕ. ದಿನಕ್ಕೆ 5 ಟನ್ ಶೇಂಗಾ ಬೀಜ ಅರೆಯುವ ಗಿರಣಿಯಲ್ಲಿ ಸುಮಾರು ಶೇ. 55ರಷ್ಟು ಹಿಂಡಿ ಬಂದರೆ ಅದು 2,750 ಕೆ.ಜಿ. ಹೊಸಬನ ಕೈಯಲ್ಲಿ ಒತ್ತಡ, ಬಿಸಿ ಹದತಪ್ಪಿ ಹಿಂಡಿಯಲ್ಲಿ ಶೇ. 1ರಷ್ಟು ಎಣ್ಣೆ ಹೆಚ್ಚಾಗಿ ಉಳಿದರೆ ದಿನಕ್ಕೆ 27 ಕೆ.ಜಿ.ಗೂ ಮಿಕ್ಕಿ ಎಣ್ಣೆ ಹಿಂಡಿಯ ದರಕ್ಕೆ ಹೋಗುತ್ತದೆ. ಎಣ್ಣೆಗೆ ಕೆ.ಜಿ.ಗೆ ರೂ. 150 ಎಂದು ಹಿಡಿದರೆ ಅದರ ಬೆಲೆ ರೂ. 4,000ಕ್ಕೂ ಹೆಚ್ಚು, ಹಿಂಡಿಯ ಬೆಲೆಯಾಗಿ ಒಂದಿಷ್ಟು ಹಿಂದಕ್ಕೆ ಬಂದರೂ ಉಳಿದದ್ದು ನಷ್ಟವೇ. ತಿಂಗಳಿಗೆ ರೂ. 1,200 ಉಳಿಸಲು ಹೋಗಿ ದಿನಕ್ಕೆ ಅದರ ಎರಡು–ಮೂರು ಪಟ್ಟು ಕಳೆದುಕೊಳ್ಳುವ ಸಂಭವವನ್ನು ಮರೆಯಬಾರದು.

ಅಳತೆಗೋಲು ಯಾವುದು?

ಕೆಲಸಕ್ಕೆ ತಕ್ಕ ಹೆಚ್ಚಳವೆಂದ ಮೇಲೆ ಕೆಲಸವನ್ನು ಅಳೆಯುವ ಬಗೆ ನಿಶ್ಚಯವಾಗಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ನೌಕರನ ಕೈಯಲ್ಲಿಲ್ಲದ ವಿಷಯಕ್ಕೆ ಅವನನ್ನು ಹೊಣೆ ಮಾಡುವುದು. ಎಣ್ಣೆಯ ಇಳುವರಿ ಯಂತ್ರ ನಡೆಸುವವನ ಕೌಶಲದಷ್ಟೇ ಬೀಜದ ಗುಣ, ತೇವಾಂಶಗಳನ್ನೂ ಅವಲಂಬಿಸಿದೆ. ಮಳೆ ಹಿಡಿದು ತೇವಗೊಂಡ ಕಾಯಿ ಕೊಂಡದ್ದು ಯಜಮಾನರ ತೀರ್ಮಾನ. ಅದರ ಫಲವನ್ನು ನೌಕರನ ಸಂಬಳದಲ್ಲಿ ಹಿಡಿಯುವುದು ನ್ಯಾಯವಲ್ಲ. ಬದಲಿಗೆ ಯಂತ್ರ ಅಕಾರಣವಾಗಿ ನಿಂತ ಗಂಟೆಗಳು, ಬಿಡಿಭಾಗಗಳು ಸವೆಯುವ ಮುನ್ನ ತಿಳಿಸಿದ ಸಂದರ್ಭಗಳು, ಹೊಸಬರಿಗೆ ಕಲಿಸಿದ ಕೆಲಸ, ಹಾಜರಿ ಇಂಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಆಗಿಂದಾಗ್ಗೆ ಬರೆದಿಡಬಹುದು. ಗುಮಾಸ್ತನಿಗಾದರೆ ಬಾಕಿ ವಸೂಲಿಯ ಜ್ಞಾಪನೆ, ತೆರಿಗೆ ವಿವರಣೆಗಳನ್ನು ಗಡುವಿನೊಳಗೆ ಸಲ್ಲಿಸಿದ್ದು, ಖಾತೆಗಳ ತಾಳೆ ಮುಖ್ಯವಾಗುತ್ತವೆ. ಬರೆದಿಟ್ಟ ಪುಸ್ತಕವಿಲ್ಲದಿದ್ದರೆ ಕಳೆದ ಹದಿನೈದು ದಿನಗಳ ಘಟನೆಗಳೇ ಇಡೀ ವರ್ಷದ ತೀರ್ಪಾಗಿಬಿಡುತ್ತವೆ.

ಮಗ್ಗದ ಕೆಲಸಕ್ಕೂ ಇದು ಅನ್ವಯಿಸುತ್ತದೆ. ಎಳೆ ಹರಿಯುವುದಕ್ಕೆ ರೇಷ್ಮೆಯ ಹುರಿ ಸರಿಯಿಲ್ಲದಿರುವುದು ಕಾರಣವೋ, ನೇಕಾರನ ಅಜಾಗ್ರತೆಯೋ ಎಂದು ಮೊದಲು ತೀರ್ಮಾನವಾಗಬೇಕು. ದೋಷಕ್ಕೆ ಹಿಡಿಯುವ ಹಣದ ಪಟ್ಟಿಯನ್ನು ಮುಂಚಿತವಾಗಿ ಬರೆದು ಕೊಟ್ಟಿದ್ದರೆ ಪ್ರತಿ ಸೀರೆಯ ಮೇಲೂ ಚೌಕಾಸಿ ನಡೆಯುವುದಿಲ್ಲ. ಹೊಸ ವಿನ್ಯಾಸದ ಮೊದಲ ಎರಡು–ಮೂರು ಸೀರೆಗಳಿಗೆ ಕಡಿತವಿಲ್ಲವೆಂದು ಒಪ್ಪಿಕೊಂಡರೆ ಕಲಿಯುವ ಧೈರ್ಯ ಬರುತ್ತದೆ. ಕೂಲಿಯ ದರವನ್ನು ಸೀರೆ ಒಪ್ಪಿಸುವ ದಿನವಲ್ಲದೆ, ವರ್ಷದಲ್ಲಿ ಒಂದೆರಡು ನಿಗದಿತ ದಿನಗಳಲ್ಲಿ ಪ್ರತ್ಯೇಕವಾಗಿ ಚರ್ಚಿಸುವುದು ಇಬ್ಬರಿಗೂ ಹಿತ.

ಹೋಲಿಕೆಯ ಪ್ರಶ್ನೆ

‘ಅವನಿಗೆಷ್ಟು ಕೊಟ್ಟಿರಿ?’ ಎಂಬುದು ಯಜಮಾನರು ಅತಿಯಾಗಿ ಅಂಜುವ ಪ್ರಶ್ನೆ. ಸಂಬಳವನ್ನು ಗುಟ್ಟಾಗಿಡುವುದೇ ಇದಕ್ಕೆ ಪರಿಹಾರವೆಂದು ಹಲವರು ನಂಬಿದ್ದಾರೆ. ಸಣ್ಣ ಊರಿನಲ್ಲಿ ಅದು ಸಾಧ್ಯವಾಗದ ಮಾತು. ಒಂದೇ ಓಣಿಯಲ್ಲಿ ವಾಸಿಸುವ, ಒಂದೇ ಸಂಘದಲ್ಲಿ ಸಾಲ ಪಡೆಯುವ ಜನರ ನಡುವೆ ಸಂಬಳದ ಗುಟ್ಟು ವಾರ ಕಳೆಯುವುದರೊಳಗೆ ಬಯಲಾಗುತ್ತದೆ.

ಈ ವಿಷಯದಲ್ಲಿ ಒಡಿಶಾದ ಗ್ರಾಮೀಣ ಕೆಲಸಗಾರರ ಮೇಲೆ ಬ್ರೆಜಾ, ಕೌರ್ ಮತ್ತು ಶಾಮದಾಸಾನಿ ಎಂಬ ಅರ್ಥಶಾಸ್ತ್ರಜ್ಞರು ನಡೆಸಿ, 2018ರಲ್ಲಿ ಪ್ರಕಟಿಸಿದ ಪ್ರಯೋಗ ಗಮನಾರ್ಹ. ಕಾರಖಾನೆ ಮಾದರಿಯ ಕೆಲಸದಲ್ಲಿ ಕೆಲವು ಗುಂಪಿನವರಿಗೆ ಸಮಾನ ಕೂಲಿ, ಕೆಲವು ಗುಂಪಿನವರಿಗೆ ಅಸಮಾನ ಕೂಲಿ ಕೊಡಲಾಯಿತು. ಅಸಮಾನ ಕೂಲಿಯ ಗುಂಪುಗಳಲ್ಲಿ ಉತ್ಪಾದನೆಯೂ ಹಾಜರಿಯೂ ಕುಸಿದವು. ಆದರೆ, ಯಾರು ಹೆಚ್ಚು ಉತ್ಪಾದಿಸುತ್ತಾರೆ ಎಂಬುದು ಎಲ್ಲರ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದ ಕಡೆ ಆ ಕುಸಿತ ಕಂಡುಬರಲಿಲ್ಲ. ಇದರಿಂದ ತಿಳಿಯುವುದಿಷ್ಟು: ಜನರನ್ನು ನೋಯಿಸುವುದು ಕಾರಣ ಕಾಣದ ವ್ಯತ್ಯಾಸ. ಕಾರಣ ಕಣ್ಣಿಗೆ ಕಂಡಾಗ ವ್ಯತ್ಯಾಸವನ್ನು ಅವರು ಸಹಿಸಬಲ್ಲರು.

ಆದುದರಿಂದ ವ್ಯಕ್ತಿಗಳ ಸಂಬಳವನ್ನು ಗೋಡೆಗೆ ಅಂಟಿಸಬೇಕಿಲ್ಲ. ಶ್ರೇಣಿಗಳನ್ನು ತಿಳಿಸಿದರೆ ಸಾಕು. ಸಹಾಯಕ, ಯಂತ್ರ ನಡೆಸುವವ, ಹಿರಿಯ ಯಂತ್ರ ನಡೆಸುವವ ಎಂಬ ಮೂರು ಶ್ರೇಣಿಗಳನ್ನು ಮಾಡಿ, ಒಂದೊಂದಕ್ಕೂ ಇಷ್ಟರಿಂದ ಇಷ್ಟರವರೆಗೆ ಎಂದು ಗೊತ್ತುಮಾಡಿ, ಒಂದರಿಂದ ಇನ್ನೊಂದಕ್ಕೆ ಏರಲು ಯಾವ ಕೆಲಸ ಬರಬೇಕೆಂದು ಹೇಳಿದರೆ ‘ಅವನಿಗೆಷ್ಟು’ ಎಂಬ ಪ್ರಶ್ನೆ ‘ನಾನು ಅಲ್ಲಿಗೆ ಏರುವುದು ಹೇಗೆ’ ಎಂಬ ಪ್ರಶ್ನೆಯಾಗಿ ಬದಲಾಗುತ್ತದೆ. ಎರಡನೆಯದು ಉತ್ತರಿಸಬಹುದಾದ ಪ್ರಶ್ನೆ. ಸಂಬಂಧಿಕರು, ಪರಿಚಿತರು ಕೆಲಸದಲ್ಲಿದ್ದರೆ ಅವರಿಗೂ ಇದೇ ಶ್ರೇಣಿ ಅನ್ವಯಿಸಬೇಕು. ಇಲ್ಲವಾದರೆ ಇಡೀ ವ್ಯವಸ್ಥೆಯೇ ನಗೆಪಾಟಲಾಗುತ್ತದೆ.

ಹೊರಗಿನ ಹೋಲಿಕೆಯೂ ಈಗ ಹೆಚ್ಚಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ತಲೆಯೆತ್ತಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಗೊಂಡಿತು. ಇಸ್ರೋದ ಮರುಬಳಕೆಯ ಉಡಾವಣಾ ವಾಹನದ ಇಳಿಯುವ ಪ್ರಯೋಗಗಳು 2023 ಮತ್ತು 2024ರಲ್ಲಿ ಅಲ್ಲಿಯೇ ನಡೆದವು. ಮೊಳಕಾಲ್ಮುರಿನ ಯುವಕರಿಗೆ ಬಳ್ಳಾರಿ ಮತ್ತು ನೆರೆಯ ರಾಯದುರ್ಗದ ಸಿದ್ಧ ಉಡುಪಿನ ಘಟಕಗಳು, ಬೆಂಗಳೂರಿನ ಬಸ್ಸು ಎರಡೂ ಹತ್ತಿರವೇ. ‘ನಮ್ಮ ಅಪ್ಪನ ಕಾಲದಿಂದ ಇಷ್ಟೇ’ ಎಂಬ ಉತ್ತರ ಇನ್ನು ನಡೆಯುವುದಿಲ್ಲ.

ಮಾತಿನ ಕ್ರಮ

ಸಂಬಳದ ಮಾತಿಗೆ ಹದಿನೈದು–ಇಪ್ಪತ್ತು ನಿಮಿಷ ಸಾಕು; ಆದರೆ ಆ ಹೊತ್ತು ಗಿರಾಕಿ, ದೂರವಾಣಿ, ಇತರ ನೌಕರರು ನಡುವೆ ಬರಬಾರದು. ಗದ್ದುಗೆಯ ಮೇಲೆ ಯಜಮಾನರು, ಬಾಗಿಲ ಬಳಿ ನಿಂತ ನೌಕರ ಎಂಬ ಸ್ಥಿತಿಯಲ್ಲಿ ನಡೆಯುವುದು ಮಾತುಕತೆಯಲ್ಲ. ಇಬ್ಬರೂ ಕುಳಿತಿರಬೇಕು. ಅಂಕಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೀಠಿಕೆ ಬೆಳೆದಷ್ಟೂ ಕೇಳುವವನ ಆತಂಕ ಬೆಳೆಯುತ್ತದೆ. ಅನಂತರ ಕಾರಣ, ಬಳಿಕ ನೌಕರನ ಮಾತು. ಅವನು ಹೇಳುವುದನ್ನು ಪೂರ್ತಿ ಕೇಳುವ ಮುನ್ನ ಉತ್ತರ ಕೊಡಬಾರದು.

ಹೆಚ್ಚಿಸಲಾಗದ ವರ್ಷಗಳೂ ಬರುತ್ತವೆ. ಮಳೆ ಹೋದ ವರ್ಷ ಗಿರಣಿ ನಾಲ್ಕೇ ತಿಂಗಳು ಓಡಿದ್ದರೆ ಅದು ನೌಕರನಿಗೂ ಗೊತ್ತಿರುತ್ತದೆ. ಅಂಥಲ್ಲಿ ‘ನೋಡೋಣ’, ‘ಮಾಡೋಣ’ ಎಂಬ ಮಾತುಗಳಿಗಿಂತ ನೇರವಾದ ‘ಈ ವರ್ಷ ಆಗುವುದಿಲ್ಲ’ ಎಂಬ ಮಾತೇ ಲೇಸು. ಆದರೆ ಆ ನಿರಾಕರಣೆಯ ಜೊತೆಗೆ ಮೂರು ಸಂಗತಿಗಳು ಇರಬೇಕು: ಏಕೆ ಆಗದು ಎಂಬ ಕಾರಣ, ಏನಾದರೆ ಆಗಬಹುದು ಎಂಬ ಷರತ್ತು, ಮತ್ತೆ ಯಾವಾಗ ಕೂರುವುದು ಎಂಬ ದಿನಾಂಕ. ಇವುಗಳಲ್ಲಿ ಒಂದು ಕಡಿಮೆಯಾದರೂ ನಿರಾಕರಣೆಯು ಅವಮಾನವಾಗಿ ಉಳಿಯುತ್ತದೆ. ನಷ್ಟದ ಕಾರಣ ಹೇಳಿದ ತಿಂಗಳಿನಲ್ಲಿಯೇ ಯಜಮಾನರ ಮನೆಗೆ ಹೊಸ ಕಾರು ಬಂದರೆ ಯಾವ ವಿವರಣೆಯೂ ಉಪಯೋಗಕ್ಕೆ ಬಾರದು ಎಂಬುದನ್ನೂ ನೆನಪಿಡಬೇಕು.

ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ನೌಕರನಿಗೆ ಕೊಡುವುದು ಉತ್ತಮ. ಓದು ಬಾರದವರಿದ್ದರೆ ಅವರು ನಂಬುವ ಮತ್ತೊಬ್ಬರ ಎದುರಿನಲ್ಲಿ ಓದಿ ಹೇಳಬೇಕು.

ಮುಂಗಡದ ಗಂಟು

ಈ ಸೀಮೆಯ ಸಂಬಳದ ಮಾತನ್ನು ಕಗ್ಗಂಟಾಗಿಸುವ ಇನ್ನೊಂದು ಸಂಗತಿ ಮುಂಗಡ. ಮಗಳ ಮದುವೆಗೆ, ಆಸ್ಪತ್ರೆಗೆ, ಮನೆಯ ಮಾಳಿಗೆಗೆ ಪಡೆದ ಹಣ ವರ್ಷಗಟ್ಟಲೆ ಖಾತೆಯಲ್ಲಿ ಉಳಿದಿರುತ್ತದೆ. ಸಂಬಳ ಹೆಚ್ಚಿಸಿರೆಂದು ಕೇಳಿದಾಗ ‘ಮೊದಲು ಬಾಕಿ ತೀರಿಸು’ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕೇಳಿದವನು ತಲೆ ತಗ್ಗಿಸುತ್ತಾನೆ. ಬಾಕಿ ತೀರಿದ ದಿನ ಹೇಳದೆ ಹೊರಟುಹೋಗುತ್ತಾನೆ. ಸಂಬಳವು ಮಾಡಿದ ಕೆಲಸದ ಬೆಲೆ, ಮುಂಗಡವು ಕೊಟ್ಟ ಸಾಲ. ಎರಡಕ್ಕೂ ಬೇರೆ ಪುಟ, ಬೇರೆ ದಿನ ಇರಲಿ. ಮುಂಗಡದ ಕಂತನ್ನು ಕಾನೂನಿನ ಕಡಿತದ ಮಿತಿಯೊಳಗೆ ನಿಗದಿಪಡಿಸಿ, ಪ್ರತಿ ತಿಂಗಳೂ ಉಳಿದ ಬಾಕಿಯನ್ನು ಬಟವಾಡೆ ಚೀಟಿಯಲ್ಲಿಯೇ ನಮೂದಿಸಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ನೌಕರರ ಕಡೆಯಿಂದ

ಈ ಮಾತುಕತೆಯ ಹೊಣೆ ಯಜಮಾನರದು ಮಾತ್ರವಲ್ಲ. ಹೆಚ್ಚಳ ಕೇಳುವ ನೌಕರನು ತನ್ನ ಕಷ್ಟಗಳಿಂದ ಮಾತು ಆರಂಭಿಸುವುದು ರೂಢಿ. ಕಷ್ಟ ನಿಜವಿದ್ದರೂ, ಅದು ಮಾತನ್ನು ದಯೆಯ ಕಡೆಗೆ ಒಯ್ಯುತ್ತದೆ. ದಯೆಯಿಂದ ಬಂದದ್ದು ಮರುವರ್ಷ ನಿಲ್ಲಬಹುದು. ಹೋದ ವರ್ಷ ತಾನು ವಹಿಸಿಕೊಂಡ ಹೊಸ ಜವಾಬ್ದಾರಿ, ಉಳಿಸಿದ ವೆಚ್ಚ, ಕಲಿತ ಕೆಲಸ ಇವುಗಳಿಂದ ಆರಂಭಿಸಿದರೆ ಮಾತು ಯೋಗ್ಯತೆಯ ಮೇಲೆ ನಿಲ್ಲುತ್ತದೆ. ‘ಸಾಹುಕಾರ್ರೇ, ಎರಡು ವರ್ಷದಿಂದ ರಾತ್ರಿ ಪಾಳಿಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ, ಅದಕ್ಕೆ ತಕ್ಕಂತೆ ಸಂಬಳ ಇನ್ನೂ ಆಗಿಲ್ಲ’ ಎಂಬ ಮಾತಿನಲ್ಲಿ ವಿನಯವೂ ಇದೆ, ಲೆಕ್ಕವೂ ಇದೆ. ಬೇರೆ ಕಡೆ ಕರೆಯುತ್ತಿದ್ದಾರೆಂದು ಹೆದರಿಸುವುದು ಒಮ್ಮೆ ಫಲ ಕೊಡಬಹುದು. ಎರಡನೆಯ ಬಾರಿ ಹೇಳಿದಾಗ ಯಜಮಾನರು ಬದಲಿ ಆಳನ್ನು ಹುಡುಕಲಾರಂಭಿಸುತ್ತಾರೆ.

ಕಾಗದ, ಪತ್ರ, ಶ್ರೇಣಿ ಇವೆಲ್ಲ ಮನೆಯವರಂತಿರುವ ಸಂಬಂಧವನ್ನು ಕೆಡಿಸುತ್ತವೆ ಎಂಬ ಆಕ್ಷೇಪ ಹಿರಿಯ ಉದ್ಯಮಿಗಳಲ್ಲಿ ಉಂಟು. ಮದುವೆ–ಮುಂಜಿಗೆ ಹೋಗಿ ಬರುವ, ಕಾಯಿಲೆಯಲ್ಲಿ ಕೈಹಿಡಿಯುವ ಆ ಸಂಬಂಧ ಈ ಊರುಗಳ ವ್ಯಾಪಾರದ ದೊಡ್ಡ ಆಸ್ತಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ವಿಶ್ವಾಸವೇ ಸಂಬಳ ಕೇಳಲು ಸಂಕೋಚವಾಗಿ, ಸಂಕೋಚ ಅಸಮಾಧಾನವಾಗಿ, ಅಸಮಾಧಾನ ಒಂದು ದಿನ ಹೇಳದೇ ಕೇಳದೇ ಕೆಲಸ ಬಿಡುವುದರಲ್ಲಿ ಮುಗಿಯುವುದನ್ನು ಬಹುಮಂದಿ ಕಂಡಿದ್ದಾರೆ. ಅಣ್ಣತಮ್ಮಂದಿರ ನಡುವೆಯೂ ಲೆಕ್ಕ ಚೊಕ್ಕವಾಗಿದ್ದರೆ ನೆಂಟಸ್ತನ ಉಳಿಯುತ್ತದೆ. ವರ್ಷಕ್ಕೆ ಎರಡು ದಿನ, ಒಂದೊಂದು ದಿನವೂ ಒಬ್ಬೊಬ್ಬ ನೌಕರನಿಗೆ ಅರ್ಧ ಗಂಟೆಯೊಳಗೆ ಮುಗಿಯುವ ಈ ಕೆಲಸಕ್ಕೆ ಬಂಡವಾಳವೇನೂ ಬೇಕಿಲ್ಲ. ಬರುವ ಫೆಬ್ರವರಿಗೆ ಮುನ್ನ ಒಂದು ನೋಟ್‌ಬುಕ್ಕು ತೆರೆದು, ಮೊದಲ ಹೆಸರಿನ ಮುಂದೆ ಮೊದಲ ಸಾಲು ಬರೆದರೆ ಆರಂಭವಾದಂತೆಯೇ.